ತಿದ್ದುವ ಕಿಣ್ವದ ಕೈ ಕಟ್ಟಿದಾಗ

ಥ್ರಿಯೊನಿಲ್-ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವದ ಕೆಲಸ ಥ್ರಿಯೊನಿನ್ ಎಂಬ ಅಮೈನೊ ಆಮ್ಲವನ್ನು, ಅದನ್ನು ಪ್ರೋಟೀನ್ ಕಟ್ಟುವಲ್ಲಿಗೆ ಹೊತ್ತೊಯ್ಯುವ ಟಿಆರ್‌ಎನ್‌ಎ ಅಣುವಿಗೆ ಅಂಟಿಸುವುದು. ತಪ್ಪಾಗಿ ಅಂಟಿಸಿದ್ದನ್ನು ಅದು ತಾನೇ ಕಿತ್ತುಹಾಕುತ್ತದೆ. ಅದನ್ನು ಕಣ್ಣಾರೆ ಕಾಣಲು ನಾನು ಆ ತಿದ್ದುವ ಭಾಗವನ್ನೇ ಕೆಡಿಸಬೇಕಾಯಿತು.

ಈ ಕಿಣ್ವ ಕೋಶದ ಶಕ್ತಿವಾಹಕ ಎಟಿಪಿಯನ್ನು ಬಳಸಿ ಅಮೈನೊ ಆಮ್ಲವನ್ನು ಸಜ್ಜುಗೊಳಿಸಿ, ಟಿಆರ್‌ಎನ್‌ಎಯ ತುದಿಯ ಅಡಿನೊಸಿನ್‌ಗೆ ಜೋಡಿಸುತ್ತದೆ. ಕಷ್ಟವಿರುವುದು ಆಯ್ಕೆಯಲ್ಲಿ. ಆಕಾರದಲ್ಲಿ ವ್ಯಾಲಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಥ್ರಿಯೊನಿನ್‌ನ ಪಡಿಯಚ್ಚು. ಆದರೆ ಕ್ರಿಯಾಕೇಂದ್ರದ ಸತುವಿನ ಅಯಾನು, ವ್ಯಾಲಿನ್‌ನಲ್ಲಿ ಇಲ್ಲದ ಹೈಡ್ರಾಕ್ಸಿಲ್ ಗುಂಪನ್ನೇ ಹಿಡಿದು ಪರೀಕ್ಷಿಸುವುದರಿಂದ ವ್ಯಾಲಿನ್ ಹೊರಗುಳಿಯುತ್ತದೆ. ಈ ಸತುವನ್ನು ತೋರಿಸಿದ ಸ್ಫಟಿಕ ರಚನೆ 1999ರಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಬಂತು. ಅದರಲ್ಲಿ ದುಡಿದ ಆರ್. ಶಂಕರನಾರಾಯಣನ್ ಆಮೇಲೆ ಹೈದರಾಬಾದಿನ ಸಿಸಿಎಂಬಿಯಲ್ಲಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಇಂಥ ತಿದ್ದುಪಡಿ ಕಿಣ್ವಗಳನ್ನೇ ಬೆನ್ನತ್ತಿದರು. ಸೆರಿನ್‌ಗೂ ಹೈಡ್ರಾಕ್ಸಿಲ್ ಇದೆ, ಒಂದು ಮಿಥೈಲ್ ಮಾತ್ರ ಕಡಿಮೆ. ಆ ಅಮೈನೊ ಆಮ್ಲ ನುಸುಳಿಯೇಬಿಡುತ್ತದೆ.

ನಾನು ಇ. ಕೋಲಿ ಬ್ಯಾಕ್ಟೀರಿಯದ ಈ ಕಿಣ್ವವನ್ನು ಎರಡು ಬಗೆಯಲ್ಲಿ ತಯಾರಿಸಿದೆ: ಒಂದು ಸಹಜ ರೂಪ, ಇನ್ನೊಂದು ತಿದ್ದುವ ಭಾಗದ 182ನೆಯ ಅಮೈನೊ ಆಮ್ಲ ಸಿಸ್ಟೀನ್ ಬದಲಿಗೆ ಅಲನಿನ್ ಇಟ್ಟ ರೂಪಾಂತರಿ. ಎರಡನ್ನೂ ನಿಕಲ್ ಕಾಲಂನಲ್ಲಿ ಶುದ್ಧೀಕರಿಸಿದೆ. ಲೋಹದ ಅಯಾನುಗಳನ್ನು ಕಚ್ಚಿಹಿಡಿಯುವ ಇಡಿಟಿಎಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಿಕಲ್ಲನ್ನಂತೂ ಅದು ಬಿಡುವುದಿಲ್ಲ, ಕಿಣ್ವದ ಸತುವನ್ನು ಬಿಟ್ಟೀತೆಂಬ ಭರವಸೆಯೂ ನನಗೆ ಇರಲಿಲ್ಲ.

ಟಿಆರ್‌ಎನ್‌ಎ ವಿಷಯದಲ್ಲಿ ನಾನು ಹಟಮಾರಿ. ಬ್ಯಾಕ್ಟೀರಿಯದ ಒಟ್ಟು ಟಿಆರ್‌ಎನ್‌ಎ ಅಗ್ಗ, ಆದರೆ ಕಿಣ್ವದೊಡನೆ ಸೆರಿಲ್-ಟಿಆರ್‌ಎನ್‌ಎ ಸಿಂಥೆಟೇಸ್‌ನ ಚೂರು ಕಲಬೆರಕೆ ಉಳಿದರೂ ಸೆರಿನ್ ತನ್ನದೇ ಟಿಆರ್‌ಎನ್‌ಎಗೆ ಸೇರಿ, ನಾವು ಅದನ್ನೇ ತಪ್ಪು ಜೋಡಣೆ ಎಂದು ಸಂಭ್ರಮಿಸುವ ಅಪಾಯವಿದೆ. ಆದ್ದರಿಂದ ಆರ್‌ಎನ್‌ಎ ಬರೆಯುವ ಕಿಣ್ವವಾದ ಟಿ7 ಪಾಲಿಮರೇಸ್‌ನಿಂದ ಥ್ರಿಯೊನಿನ್‌ನ ಟಿಆರ್‌ಎನ್‌ಎಯನ್ನಷ್ಟೇ ಬರೆಸಿ, ಕಾಯಿಸಿ, ಮೆಗ್ನೀಸಿಯಂ ಹಾಕಿ ಮಡಿಸಿಕೊಂಡೆ.

ವಿಕಿರಣಶೀಲ ಇಂಗಾಲ-14 ಸೇರಿಸಿದ ಸೆರಿನ್ ಕೊಟ್ಟು, ಆಗಾಗ ಮಾದರಿ ತೆಗೆದು ಸೋಸುಕಾಗದದ ಮೇಲೆ ಹಾಕಿ, ತಣ್ಣನೆಯ ಟ್ರೈಕ್ಲೋರೊ ಅಸಿಟಿಕ್ ಆಮ್ಲದಲ್ಲಿ ತೊಳೆದೆ; ಅಂಟದ ಸೆರಿನ್ ತೊಳೆದುಹೋಗಿ, ಟಿಆರ್‌ಎನ್‌ಎಗೆ ಅಂಟಿದ್ದಷ್ಟೇ ಕಾಗದದಲ್ಲಿ ಉಳಿಯುತ್ತದೆ. ಸಹಜ ಕಿಣ್ವದ ವಿಕಿರಣ ಎಣಿಕೆ ಹಿನ್ನೆಲೆಯ ಮಟ್ಟದಿಂದ ಏಳಲೇ ಇಲ್ಲ. ರೂಪಾಂತರಿಯದು ಏರುತ್ತಲೇ ಹೋಯಿತು.

ಇಷ್ಟರಿಂದ ಸಹಜ ಕಿಣ್ವ ಸೆರಿನ್ನನ್ನು ಅಂಟಿಸಲೇ ಇಲ್ಲ ಎಂದೂ ವಾದಿಸಬಹುದು. ಹಾಗಾಗಿ ರೂಪಾಂತರಿ ಜೋಡಿಸಿದ ಸೆರಿನ್-ಟಿಆರ್‌ಎನ್‌ಎಯನ್ನು ಆಮ್ಲೀಯ ಫಿನಾಲ್‌ನಲ್ಲಿ ಬೇರ್ಪಡಿಸಿ (ಕ್ಷಾರದಲ್ಲಿ ಆ ಎಸ್ಟರ್ ಬಂಧ ತಾನಾಗಿಯೇ ಮುರಿಯುತ್ತದೆ) ಅದಕ್ಕೆ ಸಹಜ ಕಿಣ್ವ ಬೆರೆಸಿದೆ. ಎಣಿಕೆ ನೋಡನೋಡುತ್ತ ಕುಸಿಯಿತು. ಕಿಣ್ವವಿಲ್ಲದ ನಳಿಕೆಯಲ್ಲಿ ನಿಧಾನವಾಗಿ ಮಾತ್ರ ಇಳಿಯಿತು.

ಸಿಸ್ಟೀನ್ ಆಕ್ಸೀಕರಣಗೊಳ್ಳದಂತೆ ಕಾಯುವ ಡಿಟಿಟಿಯನ್ನು ಪ್ರತಿ ಬಾರಿ ಹೊಸದಾಗಿ ಕರಗಿಸಿಯೇ ಹಾಕುತ್ತೇನೆ. ಅದೇ 182ನೆಯ ಸಿಸ್ಟೀನ್ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಆಕ್ಸೀಕರಣಗೊಂಡರೆ ಸಹಜ ಕಿಣ್ವವೂ ತಿದ್ದುವ ಶಕ್ತಿ ಕಳೆದುಕೊಳ್ಳುತ್ತದೆ ಎಂದು 2010ರಲ್ಲಿ ಯೇಲ್‌ನ ಸಂಶೋಧಕರು ತೋರಿಸಿದ್ದಾರೆ.