ಸೈಕಲ್ ಶರ್ಯತ್ತಿನ ಕಾದಂಬರಿಗೆ ಒಂದು ಪೆನ್ಸಿಲ್, ಒಂದು ಘಟ್ಟ

ಸೈಕಲ್ ಶರ್ಯತ್ತಿನ ಕಾದಂಬರಿಯನ್ನು ನಾನು ಪೆನ್ಸಿಲ್ ಹಿಡಿಯದೆ ಓದುವುದಿಲ್ಲ. ಪುಸ್ತಕದೊಳಗೆ ಅರ್ಧ ಹಾಳೆ ಮಡಚಿಟ್ಟಿರುತ್ತೇನೆ. ಅದರಲ್ಲಿ ನಾಲ್ಕು ಮನೆ: ಎಷ್ಟನೇ ಕಿಲೋಮೀಟರ್, ಮುಂದಿರುವವರು ಯಾರು, ಹಿಂದಿನವರಿಗೆ ಎಷ್ಟು ಸೆಕೆಂಡಿನ ಅಂತರ, ನಾಯಕ ಕೊನೆಗೆ ತಿಂದದ್ದು ಯಾವಾಗ. ಡಚ್, ಫ್ರೆಂಚ್ ಹೆಸರುಗಳು ಕಲಸಿಹೋಗುತ್ತವೆ ಎಂದು ಪುಸ್ತಕ ಕೆಳಗಿಡುವವರಿಗೆ ನಿಜವಾಗಿ ಕೈತಪ್ಪಿರುವುದು ಹೆಸರಲ್ಲ, ಅಂತರ.

ಅಂತರವನ್ನು ಸಮಯದಲ್ಲಿ ಬರೆದಿರುತ್ತಾರೆ. ಅದನ್ನು ಮೀಟರಿಗೆ ತಿರುಗಿಸಿಕೊಂಡರೆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ನಿಮಿಷವೆಂದರೆ ಸುಮಾರು 670 ಮೀಟರ್. ಮುಂದಿನವನು ತಿರುವಿನಾಚೆ ಮರೆಯಾಗಿರುತ್ತಾನೆ. ಏರಿನಲ್ಲಿ ವೇಗ 15ಕ್ಕೆ ಇಳಿದಾಗ ಅದೇ ನಿಮಿಷ 250 ಮೀಟರ್. ಅವನ ಬೆನ್ನು ಕಾಣುತ್ತಿರುತ್ತದೆ, ಆದರೂ ಕೈಗೆ ಸಿಗುವುದಿಲ್ಲ. ಘಟ್ಟದ ಅಧ್ಯಾಯಗಳ ಸಂಕಟವೆಲ್ಲ ಈ ಲೆಕ್ಕದಲ್ಲಿದೆ. ಇನ್ನೊಂದು ಹಳೆಯ ಅಂದಾಜು: ಬೆನ್ನಟ್ಟುವ ಗುಂಪು 10 ಕಿ.ಮೀ.ಗೆ ಒಂದು ನಿಮಿಷ ಕಡಿತಗೊಳಿಸಬಲ್ಲದು. ಗುರಿಗೆ 20 ಕಿ.ಮೀ. ಇರುವಾಗ ಒಂಟಿ ಸವಾರನ ಬಳಿ ಒಂದೂವರೆ ನಿಮಿಷವಷ್ಟೇ ಇದ್ದರೆ ಅವನು ಸಿಕ್ಕಿಬೀಳುತ್ತಾನೆ ಎಂದು ಹಾಳೆಯ ಅಂಚಿನಲ್ಲಿ ಬರೆದಿಡುತ್ತೇನೆ. ಲೇಖಕ ಅವನನ್ನು ಗೆಲ್ಲಿಸಿದರೆ ಕಾರಣ ಕೊಡಲೇಬೇಕು: ಗುಂಪಿನಲ್ಲಿ ಜಗಳ, ಕಿರಿದಾದ ಇಳಿಜಾರು, ಎದುರುಗಾಳಿ ತಿರುಗಿದ್ದು. ಕಾರಣವಿಲ್ಲದ ಗೆಲುವಿರುವ ಪುಸ್ತಕವನ್ನು ನಾನು ಎರಡನೇ ಸಲ ಓದುವುದಿಲ್ಲ.

ಗಾಳಿಯೇ ಈ ಕಥೆಗಳ ಮುಖ್ಯ ಪಾತ್ರ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಒಬ್ಬನ ಚಕ್ರದ ಹಿಂದೆ ಕೂತವನಿಗೆ ಸಮತಟ್ಟಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ. ಹಾಗಾಗಿ ಬಲಿಷ್ಠನೇ ಗೆಲ್ಲಬೇಕೆಂದಿಲ್ಲ. ದಿನವಿಡೀ ಗಾಳಿಮರೆಯಲ್ಲಿದ್ದು ಕೊನೆಯ 200 ಮೀಟರಿನಲ್ಲಿ ಹೊರಬಂದವನು ಗೆಲ್ಲಬಹುದು. ಸಾಲ, ಋಣ, ದ್ರೋಹ ಎಲ್ಲವೂ ಹುಟ್ಟುವುದು ಇಲ್ಲಿಂದಲೇ. 'ಅವನು ಮುಂದೆ ಬರಲಿಲ್ಲ' ಎಂಬ ಪುಟ್ಟ ವಾಕ್ಯ ಕಂಡರೆ ಅಡಿಗೆರೆ ಎಳೆಯಿರಿ. ತನ್ನ ಸರದಿಗೆ ಗಾಳಿ ಎದುರಿಸಲಿಲ್ಲ ಎಂಬ ಅದು ಬೈಗುಳಕ್ಕಿಂತ ಕಟುವಾದ ಮಾತು. ಚಕ್ರಕ್ಕೆ ಚಕ್ರ ತಗುಲಿದಾಗ ಬೀಳುವವನು ಸಾಮಾನ್ಯವಾಗಿ ಹಿಂದಿನವನು, ಏಕೆಂದರೆ ಹ್ಯಾಂಡಲ್ ತಿರುಗಿಸುವ ಚಕ್ರ ಸಿಕ್ಕಿಕೊಂಡಿರುವುದು ಅವನದು.

ಕಥೆಯ ಕಾಲ ನೋಡಿಕೊಳ್ಳದಿದ್ದರೆ ಅರ್ಧ ಸುಳಿವುಗಳು ಜಾರಿಹೋಗುತ್ತವೆ. 1980ರ ದಶಕದ ನಡುಭಾಗಕ್ಕಿಂತ ಹಿಂದಿನ ಕಥೆಯಾದರೆ ಕಾಲು ಪೆಡಲಿಗೆ ಚರ್ಮದ ಪಟ್ಟಿಯಿಂದ ಬಿಗಿದಿರುತ್ತದೆ. ಸವಾರ ಬಗ್ಗಿ ಪಟ್ಟಿ ಎಳೆದರೆ ಸ್ಪ್ರಿಂಟ್, ಅಂದರೆ ಕೊನೆಯ ಬಿರುಸಿನ ಓಟ, ಬರಲಿದೆ ಎಂದರ್ಥ. ಪಕ್ಕದವನೂ ಅದನ್ನೇ ಕಾಯುತ್ತಿರುತ್ತಾನೆ. ಗೇರಿನ ಲಿವರ್ ಫ್ರೇಮಿನ ಕೆಳಕೊಳವೆಯ ಮೇಲಿರುತ್ತಿತ್ತು. ಬದಲಿಸಲು ಕೈ ಇಳಿಸಬೇಕು, ಎದುರಾಳಿ ನೋಡುತ್ತಾನೆ, ಸದ್ದೂ ಕೇಳುತ್ತದೆ. ಕಿವಿಯಲ್ಲಿ ರೇಡಿಯೋ ಇಲ್ಲ. ಮೋಟಾರ್‌ಸೈಕಲ್ ಮೇಲಿನವನು ಕಪ್ಪುಹಲಗೆಯಲ್ಲಿ ಅಂತರ ಬರೆದು ತೋರಿಸುವವರೆಗೆ ಸವಾರನಿಗೆ ಏನೂ ಗೊತ್ತಿಲ್ಲ. ಮೊದಲ ಓದಿಗೆ ಟಿಮ್ ಕ್ರಾಬೆಯ 'ದಿ ರೈಡರ್' ಹಿಡಿಯಿರಿ. ಡಚ್‌ನಲ್ಲಿ 1978ರಲ್ಲಿ, ಇಂಗ್ಲಿಷಿಗೆ 2002ರಲ್ಲಿ ಬಂದ ಪುಸ್ತಕ. ಒಂದೇ ಶರ್ಯತ್ತಿನ ಕಥೆ, ಕಿಲೋಮೀಟರ್ ಲೆಕ್ಕದಲ್ಲೇ ಸಾಗುವುದರಿಂದ ಹಾಳೆ ತುಂಬುವುದು ಸುಲಭ.

ಗೇರಿನ ಅಂಕಿ ಬಂದಾಗ ದಾಟಿ ಓದಬೇಡಿ. 42×21 ಎಂದರೆ ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 42 ಹಲ್ಲು, ಹಿಂದಿನ ಹಲ್ಲುಚಕ್ರದಲ್ಲಿ 21. ಭಾಗಿಸಿದರೆ 2; ಸೈಕಲ್ ಗಾಲಿಯ ಸುತ್ತಳತೆ 2.1 ಮೀಟರಿನಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ 4.2 ಮೀಟರ್. 53×13ರಲ್ಲಿ ಇದು ಸುಮಾರು 8.6. ಏರಿನಲ್ಲಿ ಸವಾರ 'ಇನ್ನೊಂದು ಹಲ್ಲು ಇಲ್ಲ', ಅಂದರೆ ಇದಕ್ಕಿಂತ ಹಗುರದ ಗೇರ್ ಇಲ್ಲ, ಎಂದು ಒದ್ದಾಡುವುದೇಕೆ ಎಂಬುದು ಕಾಗದದಲ್ಲಿ ತಿಳಿಯದು, ಮೊಣಕಾಲಿಗೆ ತಿಳಿಯುತ್ತದೆ.

ಅದಕ್ಕೇ ಪುಣೆಯವರಿಗೆ ಸಿಂಹಗಡ ಕೋಟೆಯ ಘಟ್ಟವಿದೆ. ಈಗಿನ ಸೈಕಲ್ಲಿನ 34×17 ಹಳೆಯ 42×21ಕ್ಕೆ ಸರಿಸಮ. ಬುಡದ ಡೋಣಜೆ ಹಳ್ಳಿ ದಾಟಿ ಏರು ಶುರುವಾದ ಮೇಲೆ ಒಂದು ಕಿಲೋಮೀಟರ್ ಮಾತ್ರ ಆ ಗೇರಿನಲ್ಲೇ ಹತ್ತಿ, 28 ಹಲ್ಲಿನ ಹಗುರದ ಗೇರಿಗೆ ಕೈಹಾಕಬೇಡಿ. ವೇಗ ಗಂಟೆಗೆ 10 ಕಿ.ಮೀ.ಗೆ ಇಳಿದರೆ ಪೆಡಲ್ ನಿಮಿಷಕ್ಕೆ 40 ಸುತ್ತು. ಸೀಟಿನಿಂದ ಎದ್ದು ನಿಲ್ಲಲೇಬೇಕಾಗುತ್ತದೆ. ಮೊಣಕಾಲು ಚುಚ್ಚಿದರೆ ತಕ್ಷಣ ಗೇರ್ ಇಳಿಸಿ. ಬೆಳಕು ಹರಿಯುವಾಗ ಹೊರಡಿ, ಮಳೆಗಾಲದಲ್ಲಿ ಪಾಚಿಗಟ್ಟಿದ ತಿರುವುಗಳಿಗೆ ಹೋಗಬೇಡಿ. ಹಸಿವಾಗುವ ಮೊದಲೇ ಬಾಳೆಹಣ್ಣು ತಿನ್ನಿ. ಕಾದಂಬರಿಯಲ್ಲಿ ತಿನ್ನಲು ಮರೆತವನು ಮೂರನೇ ಗಂಟೆಯಲ್ಲಿ ಏಕೆ ಕುಸಿಯುತ್ತಾನೆ ಎಂಬುದಕ್ಕೇ ಆ ನಾಲ್ಕನೇ ಮನೆ. ಮೇಲೆ ಪಿಠಲ-ಭಾಕ್ರಿಗೆ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಹೇಳಿ, ಅದು ಬರುವವರೆಗೆ ಘಟ್ಟದ ಅಧ್ಯಾಯವನ್ನು ಇನ್ನೊಮ್ಮೆ ತೆರೆಯಿರಿ.