ಡ್ರಾಪ್ ಯೂಸರ್ ಕೊಟ್ಟ ಶನಿವಾರ

ಮಂಗಳೂರಿನ ಬಂದರು ಕಡೆಯ ಒಂದು ಸಣ್ಣ ಕಂಪನಿಯ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಆಗ ಅದು 5.7 ಆವೃತ್ತಿ. ಅಲ್ಲಿನ ಪ್ರೋಗ್ರಾಮರ್ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು. ಇನ್ನು ಅವರ ಅಕೌಂಟ್ ಯಾಕೆ ಎಂದು ಶನಿವಾರ ಮಧ್ಯಾಹ್ನ ಡ್ರಾಪ್ ಯೂಸರ್ ಕೊಟ್ಟೆ, ಅಂದ್ರೆ ಅಕೌಂಟ್ ಅಳಿಸುವ ಆದೇಶ. ಹಂಪನಕಟ್ಟೆಯಲ್ಲಿ ಗಡ್‌ಬಡ್ ತಿಂದು ಮನೆಗೆ ಹೋದೆ.

ಒಂದನೇ ತಾರೀಕು ಬೆಳಿಗ್ಗೆ ಅಕೌಂಟ್ಸ್ ಅಕ್ಕನ ಫೋನ್. "ತಿಂಗಳ ಸ್ಟೇಟ್‌ಮೆಂಟ್ ಬರ್ತಾ ಇಲ್ಲ ಮಾರಾಯ್ರೆ, ಎಂತ ಮಾಡಿದ್ರಿ?"

ಸ್ಕ್ರೀನ್ ಮೇಲೆ ಎರರ್ 1449. ಡಿಫೈನರ್ ಆಗಿರುವ ಯೂಸರ್ ಇಲ್ಲ ಎಂದು ಅದರ ಅರ್ಥ. ವ್ಯೂ (ಹೆಸರು ಕೊಟ್ಟು ಉಳಿಸಿದ ಕ್ವೆರಿ), ಪ್ರೊಸೀಜರ್ (ಸರ್ವರ್‌ನಲ್ಲೇ ಉಳಿಸಿದ ಸಣ್ಣ ಪ್ರೋಗ್ರಾಂ) ಬರೆದವರ ಹೆಸರು ಡಿಫೈನರ್ ಎಂದು ಅದರೊಳಗೇ ಕೂತಿರುತ್ತದೆ. ಬೇರೆ ಏನೂ ಹೇಳದಿದ್ದರೆ ಅದು ಓಡುವುದು ಅವರ ಹಕ್ಕಿನ ಮೇಲೆ. ಅಕೌಂಟ್ ಹೋದರೂ ವ್ಯೂ ಹೋಗುವುದಿಲ್ಲ, ಸುಮ್ನೆ ಅನಾಥವಾಗಿ ಉಳಿಯುತ್ತದೆ.

ಅದೇ ಹೆಸರು, ಅದೇ ಹೋಸ್ಟ್ (ಯಾವ ಕಂಪ್ಯೂಟರ್‌ನಿಂದ ಬರಬಹುದು ಎಂಬುದು) ಕೊಟ್ಟು ಅಕೌಂಟನ್ನು ಮತ್ತೆ ಮಾಡಿದೆ, ಯಾರೂ ಲಾಗಿನ್ ಆಗದಂತೆ ಲಾಕ್ ಹಾಕಿಯೇ. ಆದರೆ ಹಳೆ ಗ್ರಾಂಟ್‌ಗಳು, ಅಂದ್ರೆ ಆ ಅಕೌಂಟ್‌ಗೆ ಕೊಟ್ಟ ಹಕ್ಕುಗಳು, ಯಾವುವು? ನಾನು ಬರೆದಿಟ್ಟಿರಲಿಲ್ಲ. ಒಂದು ಟೇಬಲ್‌ಗೆ ಹಕ್ಕು ಕೊಡುವುದು, ರಿಪೋರ್ಟ್ ಓಡಿಸುವುದು, ಮತ್ತೆ ಎರರ್. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಆಯಿತು.

ಈಗ ಅಕೌಂಟ್ ತೆಗೆಯುವಾಗ ಮೊದಲು ಶೋ ಗ್ರಾಂಟ್ಸ್ (ಹಕ್ಕುಗಳ ಪಟ್ಟಿ), ಶೋ ಕ್ರಿಯೇಟ್ ಯೂಸರ್ (ಅಕೌಂಟ್ ಮತ್ತೆ ಮಾಡುವ ಆದೇಶ) ಎರಡರ ಉತ್ತರವನ್ನೂ ಫೈಲ್‌ಗೆ ಹಾಕುತ್ತೇನೆ. ಹೋಸ್ಟ್ ನೋಡುತ್ತೇನೆ. ಹೋಸ್ಟ್ ಬರೆಯದಿದ್ದರೆ ಮೈಎಸ್‌ಕ್ಯೂಎಲ್ ಅದನ್ನು ಶೇಕಡಾ ಚಿಹ್ನೆ (ಯಾವ ಹೋಸ್ಟ್ ಆದರೂ ಸರಿ) ಎಂದೇ ತಿಳಿದುಕೊಳ್ಳುತ್ತದೆ, ಅದೇ ಹೆಸರಿನ ಲೋಕಲ್‌ಹೋಸ್ಟ್‌ನ (ಸರ್ವರ್ ಇರುವ ಕಂಪ್ಯೂಟರ್‌ನದೇ) ಅಕೌಂಟ್ ಹಾಗೇ ಉಳಿಯುತ್ತದೆ. ಆಮೇಲೆ ಲಾಕ್. ಆಗಲೇ ಒಳಗಿರುವ ಕನೆಕ್ಷನ್‌ಗೆ ಲಾಕ್ ತಾಗುವುದಿಲ್ಲ, ಡ್ರಾಪ್ ಕೂಡ ತಾಗುವುದಿಲ್ಲ. ಪ್ರೊಸೆಸ್‌ಲಿಸ್ಟ್‌ನಲ್ಲಿ ಯಾರು ಒಳಗಿದ್ದಾರೆ ನೋಡಿ ಆ ಕನೆಕ್ಷನ್ ಕಿಲ್ ಮಾಡಬೇಕು.

ಲಾಕ್ ಮಾಡಿ ಒಂದು ತಿಂಗಳು ಕಾದರೆ ಸಾಕು, ಏನೂ ಕೆಡದಿದ್ದರೆ ಡ್ರಾಪ್ ಮಾಡಬಹುದು ಎಂದು ಕೆಲವರು ಹೇಳುತ್ತಾರೆ. ಸಾಲದು. ಲಾಕ್ ಆದ ಅಕೌಂಟ್ ಡಿಫೈನರ್ ಆಗಿದ್ದರೂ ವ್ಯೂ ಚೆನ್ನಾಗಿಯೇ ಓಡುತ್ತದೆ. ಅಂದ್ರೆ ನನ್ನ ಆ ತಪ್ಪು ಲಾಕ್‌ನಿಂದ ಗೊತ್ತಾಗುತ್ತಲೇ ಇರಲಿಲ್ಲ, ಅಲ್ವಾ? ಸರ್ವರ್ ತನ್ನ ವಿವರಗಳನ್ನೇ ಇಟ್ಟಿರುವ ಇನ್ಫರ್ಮೇಷನ್ ಸ್ಕೀಮಾದಲ್ಲಿ ವ್ಯೂ, ರುಟೀನ್ (ಪ್ರೊಸೀಜರ್, ಫಂಕ್ಷನ್), ಟ್ರಿಗರ್ (ಟೇಬಲ್ ಬದಲಾದಾಗ ತಾನೇ ಓಡುವುದು), ಇವೆಂಟ್ (ಹೊತ್ತಿಗೆ ಸರಿಯಾಗಿ ಓಡುವುದು) ನಾಲ್ಕರ ಡಿಫೈನರ್ ಕಾಲಂ ಬೇರೆಯಾಗಿಯೇ ಹುಡುಕುತ್ತೇನೆ. ಸಿಕ್ಕಿದ್ದನ್ನು ಯಾರೂ ಲಾಗಿನ್ ಆಗದ ಒಂದು ಅಕೌಂಟ್ ಹೆಸರಿಗೆ ಬದಲಿಸುತ್ತೇನೆ. 8.0.22 ಆವೃತ್ತಿಯಿಂದ ಡಿಫೈನರ್ ಆಗಿರುವ ಅಕೌಂಟ್ ತೆಗೆಯಲು ಹೋದರೆ ಸರ್ವರೇ ತಡೆಯುತ್ತದೆ. ಆದರೆ ಎಲ್ಲ ಹಕ್ಕೂ ಇರುವ ರೂಟ್ ಆಗಿ ಕೂತರೆ ಸಾಮಾನ್ಯವಾಗಿ ಬರುವುದು ವಾರ್ನಿಂಗ್ ಅಷ್ಟೇ.

ಹಾಗೆಂದು ಲಾಕ್ ದಂಡ ಅಲ್ಲ. ಇನ್ನೊಂದು ಕಂಪನಿಯಲ್ಲಿ ಲಾಕ್ಡ್ ಕನೆಕ್ಟ್ಸ್ ಎಂಬ ಲೆಕ್ಕ, ಅಂದ್ರೆ ಲಾಕ್ ಆದ ಅಕೌಂಟ್‌ಗೆ ಲಾಗಿನ್ ಆಗಲು ಎಷ್ಟು ಸಲ ನೋಡಿದ್ದಾರೆ ಎಂಬುದು, ದಿನಾ ಏರುತ್ತಿತ್ತು. ನೋಡಿದರೆ ಗೋಡೌನ್‌ನ ಹಳೆ ಬಿಲ್ಲಿಂಗ್ ಕಂಪ್ಯೂಟರ್, ಬಿಟ್ಟು ಹೋದವರ ಪಾಸ್‌ವರ್ಡ್‌ನಲ್ಲೇ ಬಾಗಿಲು ಬಡಿಯುತ್ತಿತ್ತು. ಅದಕ್ಕೆ ಬೇರೆ ಅಕೌಂಟ್ ಕೊಟ್ಟ ಮೇಲೆಯೇ ಹಳೆಯದನ್ನು ಡ್ರಾಪ್ ಮಾಡಿದೆ.