ಕಾಲ್ಬೆರಳು ಮುಟ್ಟುವ ಹಟ ಬಿಟ್ಟ ಮೇಲೆ

ನಾನು ಯೋಗ ಕಲಿಯಲು ಹೋಗಿದ್ದು ಸೊಂಟನೋವಿಗೆ. ದಿನಕ್ಕೆ 9 ಗಂಟೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಸಂಜೆ ಏಳುವಾಗ ಮೇಜು ಹಿಡಿದುಕೊಂಡೇ ಏಳಬೇಕಿತ್ತು. ಅಧ್ಯಾತ್ಮ, ಮನಶ್ಶಾಂತಿ ಇದ್ಯಾವುದೂ ತಲೆಯಲ್ಲಿ ಇರಲಿಲ್ಲ.

ಮೊದಲ ತಿಂಗಳು ನನ್ನ ಕಣ್ಣೆಲ್ಲ ಅಕ್ಕಪಕ್ಕದವರ ಮೇಲೆ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಅವರ ಹಣೆ ಮಂಡಿಗೆ ತಾಗುತ್ತಿತ್ತು. ನನ್ನ ಕೈ ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಇಳಿದರೆ ಹೆಚ್ಚು. ಹಟ ಬಂತು. ಒಂದು ದಿನ ಉಸಿರು ಬಿಗಿಹಿಡಿದು, ಬೆನ್ನು ಗೂನು ಮಾಡಿ ಎಳೆದೇ ಬಿಟ್ಟೆ. ಕಾಲ್ಬೆರಳು ಸಿಕ್ಕಿತು. ಜೊತೆಗೆ ತೊಡೆಯ ಹಿಂದೆ ಚಳಕ್ ಎಂದಿತು. ಆಮೇಲೆ ಮೂರು ವಾರ ಮೆಟ್ಟಿಲು ಕಂಡರೆ ಭಯ.

ಆ ಮೂರು ವಾರದಲ್ಲಿ ಪತಂಜಲಿಯ ಯೋಗಸೂತ್ರ ಓದಲು ಕೂತೆ. ಇನ್ನೂರಕ್ಕಿಂತ ಕಡಿಮೆ ಸೂತ್ರಗಳ ಪುಟ್ಟ ಗ್ರಂಥ ಅದು. ಆಸನಗಳ ಪಟ್ಟಿ ಎಲ್ಲಿದೆ ಅಂತ ಹುಡುಕಿದೆ. ಇಲ್ಲವೇ ಇಲ್ಲ! ಆಸನದ ವಿಚಾರ ಬರುವುದು ಎರಡನೇ ಪಾದದ, ಅಂದರೆ ಅಧ್ಯಾಯದ, ಮೂರು ಸೂತ್ರಗಳಲ್ಲಿ ಮಾತ್ರ. ಮೊದಲನೆಯದು ‘ಸ್ಥಿರಸುಖಮಾಸನಮ್’. ಅಲುಗಾಡದೆ, ಹಾಯಾಗಿ ಇರುವುದೇ ಆಸನ. ಅದರ ಮುಂದಿನದು ಪ್ರಯತ್ನವನ್ನು ಸಡಿಲ ಬಿಡಬೇಕು ಅನ್ನುತ್ತದೆ. ನಾನು ಮಾಡಿದ್ದು ಅದರ ಉಲ್ಟಾ.

‘ಯೋಗ’ ಎಂಬ ಮಾತು ಬಂದಿರುವುದು ‘ಯುಜ್’ ಧಾತುವಿನಿಂದ. ಕೂಡಿಸು, ಹೂಡು ಎಂದು ಅರ್ಥ. ಎತ್ತುಗಳನ್ನು ನೊಗಕ್ಕೆ ಹೂಡುತ್ತಾರಲ್ಲ, ಆ ಹೂಡುವುದೇ. ಅದೇ ಧಾತುವಿಗೆ ಸಮಾಧಿ, ಅಂದರೆ ಮನಸ್ಸು ಒಂದೆಡೆ ನೆಲೆ ನಿಲ್ಲುವುದು ಎಂಬ ಅರ್ಥವೂ ಇದೆ. ಸೂತ್ರಗಳಿಗೆ ಭಾಷ್ಯ ಬರೆದ ವ್ಯಾಸರು ಹಿಡಿದದ್ದು ಈ ಎರಡನೆಯದನ್ನು. ಪತಂಜಲಿಯೂ ಚಿತ್ತದ ಓಡಾಟ ನಿಲ್ಲುವುದನ್ನೇ ಯೋಗ ಅನ್ನುತ್ತಾರೆ. ನನಗೆ ಮಾತ್ರ ನೊಗವೇ ಹಿಡಿಸಿತು. ಚಾಪೆಯ ಮೇಲೆ ಮೈ ಬಾಗಿದೆ, ಮನಸ್ಸು ನಿನ್ನೆಯ ಜಗಳದಲ್ಲಿದೆ. ಎರಡು ಎತ್ತು ಎರಡು ದಿಕ್ಕಿಗೆ ಎಳೆದರೆ ಸಾಲು ಸೊಟ್ಟಗಾಗದೆ ಇರುತ್ತದೆಯೇ?

ಪತಂಜಲಿ ಹೇಳುವ ಅಷ್ಟಾಂಗದಲ್ಲಿ, ಅಂದರೆ ಯೋಗದ ಎಂಟು ಅಂಗಗಳಲ್ಲಿ, ಆಸನ ಮೂರನೆಯದು. ಅದಕ್ಕೂ ಮೊದಲು ಯಮ, ನಿಯಮ, ಅಂದರೆ ನಡತೆಯ ಕಟ್ಟುಪಾಡು ಮತ್ತು ತನಗೆ ತಾನೇ ಹಾಕಿಕೊಳ್ಳುವ ಶಿಸ್ತು. ಯಮದಲ್ಲಿ ಮೊದಲನೆಯದೇ ಅಹಿಂಸೆ. ಅದು ನನ್ನ ತೊಡೆಗೂ ಸಲ್ಲುತ್ತದೆ ಅಂತ ಅಲ್ಲಿಯವರೆಗೆ ಹೊಳೆದಿರಲಿಲ್ಲ, ನೋಡಿ.

ನೋವು ವಾಸಿಯಾದ ಮೇಲೆ ಮತ್ತೆ ಶುರು ಮಾಡಿದೆ. ಈ ಸಲ ಕಂಬಳಿ ಮಡಿಚಿ ಅದರ ಮೇಲೆ ಕೂತೆ. ಮಂಡಿ ಸ್ವಲ್ಪ ಮಡಿಸಿದೆ. ಬಾಗುವುದು ಸೊಂಟದಿಂದ, ಬೆನ್ನಿನಿಂದ ಅಲ್ಲ. ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದೇ ಗುರುತು ಇಟ್ಟುಕೊಂಡೆ: ಉಸಿರು. ಮೂಗಿನಲ್ಲಿ ಅದು ಸದ್ದಿಲ್ಲದೆ ಓಡುತ್ತಿದ್ದರೆ ಸರಿ. ಒರಟಾದರೆ ಅಥವಾ ಕಟ್ಟಿದರೆ ಒಂದು ಹೆಜ್ಜೆ ಹಿಂದೆ. ಕೈ ಎಲ್ಲಿದೆ ಅಂತ ನೋಡುವುದು ಬಿಟ್ಟೆ.

ಉಸಿರಾಟದಲ್ಲೂ ಆತುರ ಮಾಡಲಿಲ್ಲ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಅಷ್ಟೇ. ಉಸಿರನ್ನು ಹಿಡಿದಿಡುವ ಕುಂಭಕದ ತಂಟೆಗೆ ಹೋಗಲಿಲ್ಲ. ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥದಲ್ಲಿ ಒಂದು ಖಡಕ್ ಮಾತಿದೆ. ಸಿಂಹ, ಆನೆ, ಹುಲಿಯನ್ನು ಹೇಗೆ ಮೆಲ್ಲಮೆಲ್ಲಗೆ ಪಳಗಿಸಬೇಕೋ ಪ್ರಾಣವನ್ನೂ, ಅಂದರೆ ಉಸಿರನ್ನೂ, ಹಾಗೇ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆಯಂತೆ. ಹೊಸಬರಿಗೆ ಇಷ್ಟು ಹೆದರಿಕೆ ಇದ್ದರೆ ಒಳ್ಳೆಯದೇ. ಉಸಿರು ನಿಧಾನವಾಗಿ ಹೊರಹೋಗುವಾಗ ಎದೆಬಡಿತವೂ ನಿಧಾನವಾಗುತ್ತದೆ. ನಾಡಿಯ ಮೇಲೆ ಬೆರಳಿಟ್ಟು ನೋಡಿ, ನಿಮಗೇ ತಿಳಿಯುತ್ತದೆ.

ಹೆಣದ ಹಾಗೆ ಅಂಗಾತ ಮಲಗುವ ಶವಾಸನವನ್ನು ಸೋಮಾರಿಗಳ ಆಸನ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಮಾಡಲು ಹೊರಟಾಗ ಮೊದಲ ವಾರವಿಡೀ ಗೊರಕೆ. ಎಚ್ಚರವಾಗಿದ್ದು ಸುಮ್ನೆ ಬಿದ್ದಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಲಾಭ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಎರಡು ತಿಂಗಳಲ್ಲಿ ಸೊಂಟದ ಬಿಗಿ ಕಡಿಮೆಯಾಯಿತು. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದು ತಪ್ಪಿತು. ಸಿಟ್ಟು ಹೋಗಿಲ್ಲ, ಆದರೆ ಬರುವ ಮೊದಲೇ ಗೊತ್ತಾಗುತ್ತದೆ, ಉಸಿರು ಗಂಟಲಿಗೆ ಏರುತ್ತದಲ್ಲ, ಹಾಗೆ. ತೂಕ ಮಾತ್ರ ಒಂದು ಕೆಜಿಯೂ ಇಳಿಯಲಿಲ್ಲ. ಎಲ್ಲ ಕಾಯಿಲೆಗೂ ಯೋಗವೇ ಮದ್ದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬಿಪಿ ಜಾಸ್ತಿ ಇರುವವರು, ಗ್ಲುಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಅಥವಾ ಕತ್ತಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶೀರ್ಷಾಸನಕ್ಕೆ ಕೈ ಹಾಕಬೇಡಿ.

ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 20 ನಿಮಿಷ ಮಾಡುತ್ತೇನೆ. ಕೈ ಎಲ್ಲಿಯವರೆಗೆ ಹೋಗುತ್ತದೆ ಅಂದರೆ, ಕೆಲವು ದಿನ ಪಾದ, ಕೆಲವು ದಿನ ಕಣಕಾಲು. ಚಳಿ ಇದ್ದ ದಿನ ಅದೂ ಇಲ್ಲ.